ಅಂಕಿ, ಕಳಂಕ ಮತ್ತು ಆಟಗಾರರ ಬಾಳು

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಆಟದ ವಿಚಾರಕ್ಕೆ ಎಡೆಯೆಲ್ಲಿ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ವಿಮರ್ಶೆಯೆಂಬುದು ಮೂಲತಃ ಬೆಲೆ ಕಟ್ಟುವ ಕೆಲಸ. ಕಾವ್ಯಕ್ಕೆ ಬೆಲೆ ಕಟ್ಟುವಾಗ ನಾವು ಪದ್ಯಗಳ ಎಣಿಕೆಯನ್ನು ನೆಚ್ಚುವುದಿಲ್ಲ. ಕವಿಯ ಬಾಳಿನ ಒಂದು ತಪ್ಪಿಗಾಗಿ ಅವನ ಕೃತಿಗಳನ್ನೆಲ್ಲ ಅಳಿಸಿಹಾಕುವುದೂ ಇಲ್ಲ. ಆಟಗಾರರ ವಿಷಯ ಬಂದಾಗ ಈ ಎರಡನ್ನೂ ನಿಸ್ಸಂಕೋಚವಾಗಿ ಮಾಡುತ್ತೇವೆ. ಗೆದ್ದಾಗ ಅಂಕಿಯೇ ಅವರ ಹೆಸರು. ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಾಗ ಕಳಂಕವೇ ಅವರ ಹೆಸರು. ಸೇಲಂ, ಧರ್ಮಪುರಿ ಜಿಲ್ಲೆಗಳ ನಮ್ಮ ಕನ್ನಡ ಮನೆಗಳ ಮಕ್ಕಳೂ ಮೈದಾನಕ್ಕಿಳಿಯುತ್ತಿರುವ ಈ ದಿನಗಳಲ್ಲಿ, ಹೀಗೆ ತೂಗುವ ಕ್ರಮ ಸರಿಯೇ ಎಂದು ಪರಿಶೀಲಿಸುವುದು ಉಚಿತವಾಗಿದೆ.

ಮೊದಲು ಅಂಕಿಯ ಮಾತು. ನಮ್ಮ ಸೇಲಂ ಜಿಲ್ಲೆಯ ಚಿನ್ನಪ್ಪಂಪಟ್ಟಿಯ ಟಿ. ನಟರಾಜನ್ ಅವರ ಟೆಸ್ಟ್ ದಾಖಲೆ ಒಂದೇ ಸಾಲಿನದು: ಒಂದು ಪಂದ್ಯ, ಮೂರು ವಿಕೆಟ್. ಕೋಷ್ಟಕವನ್ನು ಮಾತ್ರ ನೋಡುವವರಿಗೆ ಇದು ಗಮನಿಸಬೇಕಾದ ಸಾಧನೆಯೆನಿಸದು. ಆದರೆ ಆ ಪಂದ್ಯ 2021ರ ಜನವರಿಯಲ್ಲಿ ಬ್ರಿಸ್ಬೇನಿನಲ್ಲಿ ನಡೆದದ್ದು. ಗಾಯಾಳುಗಳಿಂದ ಬರಿದಾಗಿದ್ದ ಭಾರತ ತಂಡ ಆಸ್ಟ್ರೇಲಿಯವನ್ನು ಅದರ ನೆಲದಲ್ಲೇ ಮಣಿಸಿದ್ದು. ಬಡ ಕೂಲಿಯ ಮನೆಯಿಂದ ಬಂದು, ಚೆಂಡೆಸೆಯುವ ಶೈಲಿಯ ಬಗ್ಗೆ ಎದ್ದ ಆಕ್ಷೇಪಣೆಯನ್ನು ಎದುರಿಸಿ, ಶೈಲಿಯನ್ನು ತಿದ್ದಿಕೊಂಡು, ನೆಟ್ ಬೌಲರ್ ಆಗಿ ಪ್ರವಾಸಕ್ಕೆ ಹೋದವರು ಆ ಒಂದೇ ಪ್ರವಾಸದಲ್ಲಿ ಮೂರೂ ಪ್ರಕಾರಗಳಲ್ಲಿ ಭಾರತದ ಪರ ಮೊದಲ ಪಂದ್ಯವಾಡಿದರು. ಕೋಷ್ಟಕದಲ್ಲಿ ಇದಕ್ಕೊಂದು ಮನೆಯಿಲ್ಲ.

ಕರ್ನಾಟಕದ ಹಿರಿಯರತ್ತ ನೋಡಿದರೂ ಇದೇ ಪಾಠ. ಜಿ.ಆರ್. ವಿಶ್ವನಾಥ್ ಅವರ 14 ಟೆಸ್ಟ್ ಶತಕಗಳ ಪಟ್ಟಿಯಲ್ಲಿ ಅವರ ಅತ್ಯಂತ ಪ್ರಸಿದ್ಧ ಇನಿಂಗ್ಸ್ ಇಲ್ಲ. 1975ರಲ್ಲಿ ಮದರಾಸಿನ ಚೆಪಾಕ್‌ನಲ್ಲಿ ವೆಸ್ಟ್ ಇಂಡೀಸಿನ ಆಂಡಿ ರಾಬರ್ಟ್ಸ್ ಏಳು ವಿಕೆಟ್ ಕಿತ್ತಾಗ, ತಂಡದ 190 ಓಟಗಳಲ್ಲಿ 97 ಅವರವೇ, ಅದೂ ಅಜೇಯವಾಗಿ. ಮೂರು ಓಟಗಳ ಕೊರತೆಯಿಂದ ಅದು ಶತಕಗಳ ಲೆಕ್ಕಕ್ಕೆ ಸೇರಲಿಲ್ಲ. ನೋಡಿದವರ ನೆನಪಿನಿಂದ ಅಳಿಯಲೂ ಇಲ್ಲ. ಬಿ.ಎಸ್. ಚಂದ್ರಶೇಖರ್ 58 ಟೆಸ್ಟುಗಳಲ್ಲಿ ಗಳಿಸಿದ ಓಟಗಳು 167, ಪಡೆದ ವಿಕೆಟ್‌ಗಳು 242. ಪೋಲಿಯೊದಿಂದ ಸೊರಗಿದ ತೋಳು ಆ ವಿಕೆಟ್‌ಗಳನ್ನು ತಂದಿತೆಂಬುದನ್ನು ಯಾವ ಸರಾಸರಿಯೂ ಹೇಳುವುದಿಲ್ಲ. ಅಂಕಿ ಸುಳ್ಳಾಡುತ್ತದೆಂದು ನಮ್ಮ ವಾದವಲ್ಲ. ಅದು ಕೇಳಿದಷ್ಟಕ್ಕೇ ಉತ್ತರಿಸುವ ಸಾಕ್ಷಿ. ಉಳಿದುದನ್ನು ನಾವೇ ಕೇಳಿ ತಿಳಿಯಬೇಕು.

ಅಂಕಿಯ ಹಿಂದೆ ಮದ್ದಿನ ನೆರಳು ಬಿದ್ದಾಗ ತೊಡಕು ಹೆಚ್ಚುತ್ತದೆ. ಅಂಕಿಗಳ ಮೇಲಿನ ಭಕ್ತಿಗೆ ಹೆಸರಾದ ಆಟವೆಂದರೆ ಅಮೆರಿಕದ ಬೇಸ್‌ಬಾಲ್. ಅಲ್ಲಿ ಚೆಂಡನ್ನು ಮೈದಾನದಾಚೆಗೆ ಹೊಡೆಯುವ ‘ಹೋಮ್ ರನ್’ಗಳಲ್ಲಿ 762ರ ದಾಖಲೆ ಬ್ಯಾರಿ ಬಾಂಡ್ಸ್ ಅವರದು. ಸ್ಟೀರಾಯ್ಡ್ ಬಳಸಿದರೆಂಬ ಆರೋಪ ಅವರ ಮೇಲಿತ್ತು. ತಿಳಿದು ಬಳಸಲಿಲ್ಲವೆಂದು ಅವರ ಹೇಳಿಕೆ. ಆಟದ ಕೀರ್ತಿಭವನಕ್ಕೆ ಸೇರಲು ಕ್ರೀಡಾ ಬರಹಗಾರರ ಶೇ. 75ರಷ್ಟು ಮತ ಬೇಕು. 2022ರಲ್ಲಿ, ಹತ್ತನೆಯ ಹಾಗೂ ಕೊನೆಯ ಅವಕಾಶದಲ್ಲಿ, ಅವರಿಗೆ ದೊರೆತದ್ದು ಶೇ. 66. ಹಳೆಯ ದಾಖಲೆಯನ್ನು ಮುರಿದ ಅವರ 756ನೆಯ ಹೊಡೆತದ ಚೆಂಡಿನ ಮೇಲೆ ಮಾತ್ರ, ಅದನ್ನು ಕೊಂಡವರು ಸಾರ್ವಜನಿಕರ ಮತ ಕೇಳಿ, ನಕ್ಷತ್ರಚಿಹ್ನೆ ಕೊರೆಸಿ, ಅದೇ ಭವನಕ್ಕೆ ಕೊಟ್ಟರು. ಚೆಂಡು ಒಳಗೆ, ಹೊಡೆದವರು ಹೊರಗೆ! ದಂಡನೆಯಿದ್ದ ಪರೀಕ್ಷೆ ಆ ಲೀಗಿನಲ್ಲಿ ಆರಂಭವಾದದ್ದೇ 2004ರಲ್ಲಿ. ಬಾಗಿಲು ತೆರೆದಿಟ್ಟ ಆಡಳಿತದವರ ಹೆಸರಿನ ಮುಂದೆ ಯಾರೂ ಚಿಹ್ನೆ ಕೊರೆಯಲಿಲ್ಲ.

ಕನ್ನಡ ನಾಡಿನಲ್ಲಿ ಈ ಪ್ರಶ್ನೆ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿಯವರ ರೂಪದಲ್ಲಿ ಎದುರಾಯಿತು. 2010ರಲ್ಲಿ ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟದ 4x400 ಮೀಟರ್ ರಿಲೇಯಲ್ಲಿ ಅವರಿದ್ದ ತಂಡ ಚಿನ್ನ ಗೆದ್ದಿತು. 1958ರಲ್ಲಿ ಮಿಲ್ಖಾ ಸಿಂಗ್ ಗೆದ್ದ ನಂತರ ಆ ಕೂಟದ ಓಟದಲ್ಲಿ ಭಾರತಕ್ಕೆ ಬಂದ ಮೊದಲ ಚಿನ್ನವದು. ಅದೇ ವರ್ಷ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ ಎರಡರಲ್ಲೂ ಚಿನ್ನ. ಮರುವರ್ಷವೇ ಮೀಥಾಂಡಿಯೆನೋನ್ ಎಂಬ ಸ್ಟೀರಾಯ್ಡ್ ಅವರ ಮಾದರಿಯಲ್ಲಿ ಪತ್ತೆಯಾಯಿತು. ದೆಹಲಿಯಲ್ಲಿ ಚಿನ್ನಕ್ಕಾಗಿ ಓಡಿದ ನಾಲ್ವರಲ್ಲಿ ಮೂವರು 2011ರಲ್ಲಿ ಸಿಕ್ಕಿಬಿದ್ದರು. ತರಬೇತುದಾರರು ಕೊಟ್ಟ ಜಿನ್ಸೆಂಗ್ ಪೂರಕದಿಂದ ಹೀಗಾಯಿತೆಂದು ಓಟಗಾರ್ತಿಯರ ವಾದ. ಉಕ್ರೇನಿನ ಆ ತರಬೇತುದಾರರನ್ನು ವಜಾ ಮಾಡಲಾಯಿತು. ದೇಶದೊಳಗಿನ ಮಂಡಳಿ ಒಂದು ವರ್ಷದ ನಿಷೇಧ ವಿಧಿಸಿತು. 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡಕ್ಕೇರಿಸಿತು.

ಇಲ್ಲಿ ಎರಡು ಬಗೆಯ ಅವಸರದ ತೀರ್ಪುಗಳನ್ನು ಕಾಣುತ್ತೇವೆ. ‘ಪಾಪ, ಏನೂ ಅರಿಯದ ಹಳ್ಳಿಯ ಹುಡುಗಿ’ ಎಂಬುದೊಂದು. ಮದ್ದಿನ ನಿಯಮದ ಪ್ರಕಾರ ದೇಹ ಸೇರಿದ್ದಕ್ಕೆಲ್ಲ ಆಟಗಾರರೇ ಹೊಣೆ. ಹಾಗಿಲ್ಲದಿದ್ದರೆ, ಶುದ್ಧವಾಗಿ ಓಡಿ ಹಿಂದುಳಿದವಳಿಗೆ ನ್ಯಾಯವೇ ಇಲ್ಲ. ‘2010ರ ಪದಕಗಳೂ ಕಳವಿನವೇ’ ಎಂಬುದು ಇನ್ನೊಂದು. ಆ ಪದಕಗಳು ದಾಖಲೆಯಲ್ಲಿ ಇಂದಿಗೂ ಇವೆ; 2011ರ ಮಾದರಿ 2010ರ ಓಟದ ಬಗ್ಗೆ ಏನನ್ನೂ ಸಾಬೀತುಪಡಿಸುವುದಿಲ್ಲ. ಸ್ಟೀರಾಯ್ಡ್ ಕೆಲಸ ಮಾಡುವುದು ತಾಲೀಮಿನ ದಿನಗಳಲ್ಲಿ: ದಣಿದ ಸ್ನಾಯು ಬೇಗ ಚೇತರಿಸಿಕೊಂಡು, ಮರುದಿನ ಮತ್ತಷ್ಟು ದುಡಿಯುವಂತಾಗುತ್ತದೆ. ಆದುದರಿಂದಲೇ ಸಂಶಯ ಹಿಂದಕ್ಕೂ ಮುಂದಕ್ಕೂ ಹರಡುತ್ತದೆ. ಆದರೆ ಸಂಶಯಕ್ಕೂ ಸಾಬೀತಿಗೂ ನಡುವಿನ ಗೆರೆಯನ್ನು ಅಳಿಸಿದರೆ ನಾವು ವಿಮರ್ಶಕರಾಗಿ ಉಳಿಯುವುದಿಲ್ಲ.

ಮಂಗಳೂರಿನ ಎಂ.ಆರ್. ಪೂವಮ್ಮನವರ ಬಾಳು ಇನ್ನೂ ಜಟಿಲ. 2018ರ ಏಷ್ಯನ್ ಕ್ರೀಡಾಕೂಟದ ಮಿಶ್ರ ರಿಲೇಯಲ್ಲಿ ಅವರ ತಂಡಕ್ಕೆ ಬಂದದ್ದು ಬೆಳ್ಳಿ. ಗೆದ್ದ ಬಹ್ರೇನ್ ತಂಡದ ಓಟಗಾರ್ತಿಯೊಬ್ಬರು ಮದ್ದಿನ ಕಾರಣದಿಂದ ಅನರ್ಹರಾದಾಗ ಬೆಳ್ಳಿ ಚಿನ್ನವಾಯಿತು. 2021ರ ಆರಂಭದಲ್ಲಿ ಪೂವಮ್ಮನವರ ಮಾದರಿಯಲ್ಲೇ ನಿಷೇಧಿತ ಉತ್ತೇಜಕವೊಂದು ಪತ್ತೆಯಾಯಿತು. ಮೂರು ತಿಂಗಳ ಶಿಕ್ಷೆ ಮೇಲ್ಮನವಿಯಲ್ಲಿ ಎರಡು ವರ್ಷವಾಯಿತು. ಒಬ್ಬರೇ ಓಟಗಾರ್ತಿ, ಒಮ್ಮೆ ಮದ್ದಿನಿಂದ ವಂಚಿತರು, ಇನ್ನೊಮ್ಮೆ ಮದ್ದಿನ ಅಪರಾಧಿ. ಇಂಥವರನ್ನು ಒಂದೇ ಪದದಲ್ಲಿ ಬಣ್ಣಿಸಹೊರಟರೆ ಅರ್ಧ ಬಾಳನ್ನು ಮರೆಮಾಡಿದಂತಾಗುತ್ತದೆ.

ಹಾಗಾದರೆ ತೂಗುವ ಬಗೆ ಯಾವುದು? ಧರ್ಮಪುರಿಯ ವಸ್ತುಸಂಗ್ರಹಾಲಯದಲ್ಲಿ ಈ ಸೀಮೆಯ ವೀರಗಲ್ಲುಗಳಿವೆ. ವೀರಗಲ್ಲಿನ ಬರಹ ಸಾಮಾನ್ಯವಾಗಿ ಯಾರ ಆಳ್ವಿಕೆಯಲ್ಲಿ, ಯಾವ ಊರಿಗಾಗಿ, ಯಾವ ಕಾಳಗದಲ್ಲಿ ಮಡಿದನೆಂಬುದನ್ನು ಹೇಳುತ್ತದೆ. ಎಷ್ಟು ಎಂಬುದಕ್ಕಿಂತ ಎಲ್ಲಿ, ಯಾವಾಗ, ಏತಕ್ಕಾಗಿ ಎಂಬುದಕ್ಕೆ ಅಲ್ಲಿ ಹೆಚ್ಚಿನ ಎಡೆ. ಆಟಗಾರರ ಬಾಳಿಗೂ ಇಂಥ ಪೂರ್ಣ ವಾಕ್ಯವೇ ಬೇಕು. ಪದಕವೂ ಅದರಲ್ಲಿರಲಿ, ನಿಷೇಧವೂ ಇರಲಿ. ಪರೀಕ್ಷೆ ನಡೆದ ದಿನಾಂಕವಿರಲಿ. ಪೂರಕ ಕೊಟ್ಟವರ, ಕಂಡೂ ಸುಮ್ಮನಿದ್ದವರ ಪಾಲೂ ಇರಲಿ. ಆಗ ಯಾರನ್ನೂ ದೇವರಾಗಿಸಬೇಕಿಲ್ಲ, ಯಾರನ್ನೂ ಹೂತುಹಾಕಬೇಕಿಲ್ಲ.

ಇದು ಬರಿಯ ತರ್ಕದ ಮಾತಾಗಿ ಉಳಿಯಬಾರದು. ಕ್ರೀಡಾ ಮೀಸಲಾತಿಯ ಒಂದು ನೌಕರಿಗಾಗಿ ಅರ್ಧ ಸೆಕೆಂಡು ಉಳಿಸಲು ಹೆಣಗುವ ಮಕ್ಕಳು ನಮ್ಮ ನಡುವೆಯೇ ಇದ್ದಾರೆ. ಅವರ ಕೈಗೆ ಯಾರಾದರೂ ಡಬ್ಬಿಯೊಂದನ್ನು ಕೊಟ್ಟಾಗ ‘ಇದರಲ್ಲಿ ಏನಿದೆ?’ ಎಂದು ಕೇಳುವ ಧೈರ್ಯ ಅವರಿಗೆ ಬೇಕು. ಮನೆಯಲ್ಲಿ ನಾವು ದಿನವೂ ‘ಎಷ್ಟು ಬಂತು?’ ಎಂದಷ್ಟೇ ಕೇಳುತ್ತಿದ್ದರೆ ಆ ಧೈರ್ಯ ಅವರಿಗೆ ಬರುವುದಾದರೂ ಎಲ್ಲಿಂದ?