ಥೇಯರನ ‘ಸಿಂಹಾಸನಾರೂಢ ಕನ್ಯೆ’ ಮತ್ತು ಇಟಲಿಯ ಋಣ

ಅಮೆರಿಕದ ವರ್ಣಚಿತ್ರಕಾರ ಅಬ್ಬಟ್ ಹ್ಯಾಂಡರ್ಸನ್ ಥೇಯರನು (1849–1921) 1891ರಲ್ಲಿ ರಚಿಸಿದ ‘ಸಿಂಹಾಸನಾರೂಢ ಕನ್ಯೆ’ ಇಂದು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಅಮೆರಿಕನ್ ಕಲಾಸಂಗ್ರಹಾಲಯದಲ್ಲಿದೆ. ನಡುವೆ ಕುಳಿತವಳು ಆತನ ಹಿರಿಯ ಮಗಳು ಮೇರಿ. ಇಬ್ಬದಿಯಲ್ಲಿರುವವರು ಆಕೆಯ ತಮ್ಮ ಜೆರಾಲ್ಡ್ ಮತ್ತು ತಂಗಿ ಗ್ಲಾಡಿಸ್. ಇಲ್ಲಿ ಇಟಲಿಯ ಪುನರುಜ್ಜೀವನ ಕಾಲದ ಪ್ರಭಾವವುಂಟೆಂಬುದಕ್ಕೆ ಪ್ರಮಾಣವನ್ನು ಅರಸಬೇಕಾಗಿಲ್ಲ. ಹೆಸರೇ ಅದನ್ನು ಸಾರುತ್ತದೆ. ಆದರೆ ಪ್ರಭಾವವನ್ನು ಗುರುತಿಸಿದೊಡನೆ ತನ್ನ ಕೆಲಸ ಮುಗಿಯಿತೆಂದು ಭಾವಿಸುವ ವಿಮರ್ಶೆ ನಮಗೆ ಒಪ್ಪಿಗೆಯಾಗದು.

ವೆನಿಸ್ಸಿನ ಸಂತ ಜಕಾರಿಯಾ ದೇವಾಲಯದಲ್ಲಿ ಜೊವಾನ್ನಿ ಬೆಲ್ಲಿನಿಯು 1505ರಲ್ಲಿ ರಚಿಸಿದ ಪೀಠಚಿತ್ರವನ್ನು ನೆನೆಯೋಣ. ಎತ್ತರದ ಆಸನದ ಮೇಲೆ ಮಾತೆ, ತೊಡೆಯ ಮೇಲೆ ಶಿಶು, ಎರಡು ಕಡೆಯೂ ಸಂತರು. ಭಕ್ತನಿಗೆ ಅವರು ಯಾರೆಂದು ಹೇಳಿಕೊಡಬೇಕಾಗಿರಲಿಲ್ಲ. ಫ್ಲಾರೆನ್ಸಿನಲ್ಲಿರುವ ರಾಫೆಲನ ‘ಗೋಲ್ಡ್‌ಫಿಂಚ್ ಹಕ್ಕಿಯ ಮಾತೆ’ಯಲ್ಲಾದರೋ ತಾಯಿಯೂ ಇಬ್ಬರು ಬಾಲಕರೂ ಒಂದೇ ತ್ರಿಕೋಣದೊಳಗೆ ಅಡಕವಾಗಿದ್ದಾರೆ. ಥೇಯರನು ಮೊದಲನೆಯ ಬಗೆಯಿಂದ ಸಮತೆಯನ್ನೂ ಎರಡನೆಯದರಿಂದ ತ್ರಿಕೋಣವನ್ನೂ ಪಡೆದಂತಿದೆ. ಆದರೆ ತೊಡೆಯ ಮೇಲಿನ ಶಿಶುವನ್ನು ಮಾತ್ರ ಕೈಬಿಟ್ಟಿದ್ದಾನೆ.

ಚಿತ್ರಕಾರನ ಬಾಳಿನಿಂದ ಚಿತ್ರವನ್ನು ವಿವರಿಸುವ ಅಭ್ಯಾಸ ನಮಗೆ ಅಷ್ಟಾಗಿ ಹಿಡಿಸದು. ಆದರೂ ಆ ಬರಿದಾದ ಮಡಿಲು ನಮ್ಮನ್ನು ಅಲ್ಲಿಗೇ ಒಯ್ಯುತ್ತದೆ. 1880ರ ದಶಕದ ಆರಂಭದಲ್ಲಿ ಥೇಯರ್ ದಂಪತಿಗಳ ಇಬ್ಬರು ಗಂಡುಮಕ್ಕಳು ಎಳವೆಯಲ್ಲಿಯೇ ತೀರಿಕೊಂಡರು. ಆ ಬಳಿಕ ಪತ್ನಿ ಕೇಟಳು ತೀವ್ರವಾದ ವಿಷಣ್ಣತೆಗೆ ಒಳಗಾಗಿ 1891ರಲ್ಲಿ ಮೃತಳಾದಳು. ಅದೇ ವರ್ಷದ ಚಿತ್ರದಲ್ಲಿ ಮಾತೆಯ ಆಸನಕ್ಕೆ ಬಂದವಳು ಸುಮಾರು ಹದಿನೈದರ ಮಗಳು.

ಇದು ಬರಿಯ ಭಾವಾತಿರೇಕವೆಂಬ ಆಕ್ಷೇಪ ಉಂಟಾಗಬಹುದು. ಮೇರಿಯನ್ನೇ ಮಾದರಿಯಾಗಿರಿಸಿಕೊಂಡು ರಚಿಸಿದ 1887ರ ‘ದೇವದೂತೆ’ಯ ಮಟ್ಟಿಗೆ ನಾವೂ ಅದನ್ನು ಅಲ್ಲಗಳೆಯೆವು, ಅಲ್ಲಿ ರೆಕ್ಕೆಗಳು ಹೊರಗಿನಿಂದ ತಂದು ಸೇರಿಸಿದಂತೆ ಕಾಣುತ್ತವೆ. ಉನ್ನತವಾದೊಂದು ವಾತಾವರಣವನ್ನು ಸೂಚಿಸಲು ರೆಕ್ಕೆಗಳನ್ನಿಟ್ಟೆನೆಂಬ ಅರ್ಥದ ಮಾತನ್ನು ಚಿತ್ರಕಾರನೇ ಆಡಿದ್ದುಂಟು. ‘ಕನ್ಯೆ’ಯಲ್ಲಿ ಆ ಕೆಲಸವನ್ನು ವಿನ್ಯಾಸವೊಂದೇ ನಿರ್ವಹಿಸುತ್ತದೆ. ಮುಖವಾದರೋ ಆದರ್ಶದಲ್ಲಿ ಪೂರ್ತಿ ಕರಗಿಲ್ಲ. ಅದು ಒಬ್ಬಳೇ ಹುಡುಗಿಯ, ಗಂಭೀರವಾದ, ಕೊಂಚ ದಣಿದಂತೆಯೂ ತೋರುವ ಮುಖ. ತಂದೆ ತನ್ನ ದುಃಖದ ಭಾರವನ್ನು ಮಗಳ ಹೆಗಲಿಗೆ ದಾಟಿಸಿದನೇ ಎಂಬ ಸಂಶಯ ನಮ್ಮನ್ನು ಬಿಡದು. ಚಿತ್ರದ ಬಲವೂ ಆ ಸಂಶಯದಲ್ಲಿಯೇ ಇದೆಯೆಂದು ನಮ್ಮ ಎಣಿಕೆ.

1892–93ರ ‘ಕನ್ಯೆ’ ಎಂಬ ಇನ್ನೊಂದು ಚಿತ್ರದಲ್ಲಿ ಇದೇ ಮೂವರು ಮಕ್ಕಳು ಎದ್ದು ನಡೆದುಬರುತ್ತಾರೆ. ಮೇರಿಯ ಬೆನ್ನ ಹಿಂದಿನ ಮೋಡಗಳೇ ರೆಕ್ಕೆಗಳಾಗಿವೆ. ಅಲ್ಲಿ ಚಿತ್ರಕಾರನ ದೃಷ್ಟಿ ಇಟಲಿಯನ್ನು ಬಿಟ್ಟು ಗ್ರೀಕರ ವಿಜಯದೇವತೆಯತ್ತ ಹೊರಳಿದೆ.