ಗೋಡೆಯೊಳಗೆ ಹುದುಗಿದ ಜಂತೆ

ಸಿಕಂದರಾಬಾದಿನ ರೆಜಿಮೆಂಟಲ್ ಬಜಾರಿನ ಗಲ್ಲಿಯೊಂದರಲ್ಲಿ ಹೋದ ಬೇಸಿಗೆ ಒಂದು ಹಳೇ ಮನೆ ಬಿಚ್ಚುತ್ತಿದ್ದರು. ಪುಟ್ಟ ಮನೆ, ಮೇಲೊಂದು ಮಾಳಿಗೆ. ಕೆಲಸದವರು ಮಾಳಿಗೆಯ ಜಂತೆಯೊಂದನ್ನು ಗೋಡೆಯಿಂದ ಹಿರಿದು ನನ್ನೆದುರು ಇಳಿಸಿದರು. ಹನ್ನೊಂದು ಅಡಿ ಉದ್ದದ ತೇಗ. ನಡುವೆ ಉಳಿ ಹಾಕಿದರೆ ಇನ್ನೂ ಎಣ್ಣೆಯ ವಾಸನೆ. ಆದರೆ ಹೊರಗೋಡೆಯೊಳಗೆ ಹುದುಗಿದ್ದ ಒಂಬತ್ತು ಇಂಚು ಕಪ್ಪಗಾಗಿತ್ತು. ಹೆಬ್ಬೆರಳಲ್ಲಿ ಒತ್ತಿದರೆ ನಶ್ಯದ ಹಾಗೆ ಉದುರಿತು. ಒಳಗೋಡೆಯಲ್ಲಿದ್ದ ಇನ್ನೊಂದು ತುದಿ ಕಲ್ಲಿನಂತೆ ಗಟ್ಟಿ. ಒಂದೇ ಮರ, ಒಂದೇ ವಯಸ್ಸು, ಒಂದೇ ಭಾರ. ಅದನ್ನು ನೋಡಿದ ಮೇಲೆ ಈ ಊರಿನ ಮಾಳಿಗೆ ಕಟ್ಟುವ ಪದ್ಧತಿಯ ಮೇಲೆ ನನಗಿದ್ದ ಮೆಚ್ಚುಗೆ ಹೋಗಲಿಲ್ಲ. ಆದರೆ ಅದಕ್ಕೊಂದು ಆಕ್ಷೇಪಣೆ ಸೇರಿಕೊಂಡಿತು.

ನಿಜಾಮನೊಂದಿಗಿನ 1798ರ ಒಪ್ಪಂದದ ಮೇಲೆ ಹುಸೇನ್ ಸಾಗರದ ಬಡಗಣ ಬಯಲಿನಲ್ಲಿ ಬ್ರಿಟಿಷ್ ಪಡೆ ಬೀಡುಬಿಟ್ಟಿತು. 1806ರಲ್ಲಿ ಆ ದಂಡಿನ ಊರಿಗೆ ನಿಜಾಮ ಸಿಕಂದರ್ ಜಾಹನ ಹೆಸರು ಬಂತು. ಪಡೆ ಮದ್ರಾಸ್ ಸೈನ್ಯದ್ದು. ಮದ್ರಾಸ್ ಟೆರೇಸ್ ಎಂಬ ಚಾವಣಿಯೂ ಅವರ ಬೆನ್ನಿಗೇ ಬಂದಿರಬೇಕು ಅನ್ನಿಸುತ್ತದೆ. ಹದಿನೆಂಟು ಇಂಚು ದಪ್ಪದ ಗಾರೆಗೋಡೆ, ಅದರಲ್ಲಿ ಬಿಟ್ಟ ಗೂಡುಗಳಲ್ಲಿ ಒಂದೂವರೆ ಅಡಿಗೊಂದರಂತೆ ಜಂತೆ, ಜಂತೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಓರೆಯಾಗಿ ಜೋಡಿಸಿ, ಅದರ ಮೇಲೆ ಇಟ್ಟಿಗೆ ಚೂರು ಬೆರೆಸಿದ ಸುಣ್ಣದ ಗಾರೆ. ಬೆಲ್ಲದ ನೀರು, ಅಳಲೆಕಾಯಿ ರಸ ಚಿಮುಕಿಸಿ ಹೆಂಗಸರು ಸಾಲಾಗಿ ಕೂತು ದಿನಗಟ್ಟಲೆ ಬಡಿದು ಗಟ್ಟಿ ಮಾಡುತ್ತಿದ್ದರು. ಮೇ ತಿಂಗಳ ಮಧ್ಯಾಹ್ನ ಇಂಥ ಮಾಳಿಗೆಯ ಕೆಳಗೆ ಮಲಗಿದವರಿಗೆ ಅದರ ಬೆಲೆ ಗೊತ್ತು. ಈಗಿನ ಕಾಂಕ್ರೀಟ್ ಸ್ಲ್ಯಾಬು ಆ ತಂಪು ಕೊಟ್ಟದ್ದನ್ನು ನಾನು ಕಂಡಿಲ್ಲ.

ಆದರೆ ಆ ತಂಪಿಗೆ ತೂಕವಿದೆ. ಚದರ ಮೀಟರಿಗೆ ಅಂದಾಜು 350 ಕಿಲೋ. ಅಷ್ಟೂ ಭಾರ ಕೊನೆಗೆ ಇಳಿಯುವುದು ಜಂತೆಯ ಎರಡು ತುದಿಗಳಿಗೆ. ನಿದ್ದೆ ಬಾರದವರು ಜಂತೆ ಎಣಿಸುತ್ತಾರೆ ಎನ್ನುತ್ತೇವೆ. ಎಣಿಸುವಾಗ ಕಣ್ಣು ಬೀಳುವುದು ಜಂತೆಯ ನಡುವಿನ ಮೇಲೆ. ಅದು ಬಾಗಿದರೆ ಗಾಬರಿಯಾಗುತ್ತೇವೆ. ನಡುವು ಬಾಗುತ್ತ ಬಾಗುತ್ತ ವರ್ಷಗಳ ಮೊದಲೇ ಸುಳಿವು ಕೊಡುತ್ತದೆ. ತುದಿ ಹಾಗಲ್ಲ, ಹೇಳದೆ ಕೇಳದೆ ಮುರಿದು ಕೂರುತ್ತದೆ. ಎಲ್ಲಕ್ಕಿಂತ ಹೆಚ್ಚು ನೋಡಿಕೊಳ್ಳಬೇಕಾದ ಜಾಗವನ್ನು ಕಣ್ಣಿಗೆ ಬೀಳದಂತೆ ಗೋಡೆಯೊಳಗೆ ಮುಚ್ಚಿಟ್ಟದ್ದು ಈ ಪದ್ಧತಿಯ ದೊಡ್ಡ ದೋಷ. ಇನ್ನೊಂದು ದೋಷವೂ ಉಂಟು: ಜಂತೆ ಗೂಡಿನಲ್ಲಿ ಸುಮ್ಮನೆ ಕೂತಿರುತ್ತದೆ, ಗೋಡೆಯನ್ನು ಹಿಡಿದಿರುವುದಿಲ್ಲ. ಗೋಡೆ ಹೊರಕ್ಕೆ ಜರುಗಿದರೆ ತಡೆಯುವವರಿಲ್ಲ.

ಹಾಗಿದ್ದೂ ಆ ತೇಗ ನಮ್ಮ ಅಜ್ಜಂದಿರ ಕಾಲವನ್ನು ದಾಟಿ ಬಂತಲ್ಲ, ಹೇಗೆ? ಸುಣ್ಣದಿಂದ. ಗಾರೆಗೋಡೆ ಮಳೆಯಲ್ಲಿ ನೆನೆದರೂ ಬಿಸಿಲಿಗೆ ಆ ತೇವವನ್ನು ಹೊರಗೆ ಬಿಡುತ್ತದೆ. ಮರದ ತೇವ ಶೇಕಡಾ 20ರ ಒಳಗಿದ್ದರೆ ಶಿಲೀಂಧ್ರಕ್ಕೆ ಅಲ್ಲಿ ಬದುಕಿಲ್ಲ. ನಾನು ನೋಡಿದ ಮನೆಯ ಹೊರಗೋಡೆಗೆ ಯಾರೋ ಸಿಮೆಂಟ್ ಬಳಿಸಿ, ಮೇಲೆ ಹೊಳೆಯುವ ಪೇಂಟ್ ಹೊಡೆಸಿದ್ದರು. ಪ್ರೀತಿಯಿಂದಲೇ ಮಾಡಿಸಿದ್ದಾರು. ಬಿರುಕಿನಲ್ಲಿ ಒಳಹೋದ ನೀರಿಗೆ ಹೊರಬರುವ ದಾರಿ ಮುಚ್ಚಿತು, ಗೂಡು ಒದ್ದೆಯಾಗಿಯೇ ಉಳಿಯಿತು. ಆ ತುದಿಯನ್ನು ತಿಂದದ್ದು ವಯಸ್ಸಲ್ಲ, ರಿಪೇರಿ.

ಕಲಬುರಗಿ, ರಾಯಚೂರು ಕಡೆಯ ನಮ್ಮವರಿಗೆ ಈ ಊರು ಹತ್ತಿರವಾದದ್ದು 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಓಡಿದ ಮೇಲೆ. ಅವರು ಬಿಟ್ಟುಬಂದ ಮನೆಗಳ ಲೆಕ್ಕವೇ ಬೇರೆ. ಅಲ್ಲಿ ಮನೆಯನ್ನು ಅಳೆಯುವುದೇ ಅಂಕಣದಲ್ಲಿ: ನಾಲ್ಕು ಕಂಬ, ಮೇಲೆ ಬೋದಿಗೆ, ತೊಲೆ, ಜಂತೆ, ಹಲಗೆ, ಮಣ್ಣು. ಭಾರ ಹೊರುವುದು ಕಂಬ, ಗೋಡೆ ಮರೆಗೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಆ ಸೀಮೆಗೆ ಹತ್ತಿರದ ಕಿಲಾರಿಯ ಭೂಕಂಪ ಸಾವಿರಾರು ಜನರನ್ನು ಕೊಂದಾಗ, ಕಲ್ಲುಗೋಡೆಯ ಮೇಲೇ ಜಂತೆ ಹೊರಿಸಿದ್ದ ಮನೆಗಳು ಮಣ್ಣಿನ ಮಾಳಿಗೆಯ ಸಮೇತ ಕುಸಿದವು. ಕಂಬದ ಅಂಕಣಗಳಿದ್ದ ಎಷ್ಟೋ ಮನೆಗಳಲ್ಲಿ ಗೋಡೆ ಉರುಳಿದರೂ ಮಾಳಿಗೆ ನಿಂತಿತ್ತು. ಜಂತೆಯನ್ನು ಯಾವುದರ ಮೇಲೆ ಕೂರಿಸುತ್ತೀರಿ ಎಂಬುದು ಅಲ್ಲಿ ಜೀವದ ಪ್ರಶ್ನೆಯಾಗಿತ್ತು.

ಅಮೆರಿಕದಲ್ಲಿ 1830ರ ದಶಕದಲ್ಲಿ ಶಿಕಾಗೋ ಸುತ್ತ ಹಬ್ಬಿದ ಬಲೂನ್ ಚೌಕಟ್ಟಿನ ಮರದ ಮನೆಗಳಲ್ಲಿ ಇದೇ ಪ್ರಶ್ನೆಗೆ ಒಳ್ಳೆಯ ಉತ್ತರವಿತ್ತು. ತಳದಿಂದ ಚಾವಣಿಯವರೆಗೆ ಒಂದೇ ಉದ್ದದ ಸಣ್ಣ ಕಂಬಗಳು. ಅವುಗಳ ಒಳಮೈಗೆ ಕಚ್ಚು ಕೊರೆದು ಅಡ್ಡಪಟ್ಟಿ ಕೂರಿಸುತ್ತಾರೆ. ಮಾಳಿಗೆಯ ಜಂತೆ ಆ ಪಟ್ಟಿಯ ಮೇಲೆ ಕೂತು, ಪಕ್ಕದ ಕಂಬಕ್ಕೆ ಮೊಳೆಯಿಂದ ಬಿಗಿಯಾಗುತ್ತದೆ. ಭಾರ ಪಟ್ಟಿಗೆ, ಹಿಡಿತ ಮೊಳೆಗೆ. ಕಂಬಗಳ ನಡುವಿನ ಟೊಳ್ಳಿನಲ್ಲಿ ಬೆಂಕಿ ಕೆಳಗಿಂದ ಮೇಲಕ್ಕೆ ಓಡುತ್ತದೆಂದು ಆ ಪದ್ಧತಿ ಹಿಂದೆ ಬಿತ್ತು, ನಿಜ. ಆದರೂ ಕೂರಿಸುವುದು ಬೇರೆ, ಬಿಗಿಯುವುದು ಬೇರೆ, ಎರಡೂ ಬೇಕು ಎಂಬ ತಿಳಿವಳಿಕೆ ನಮ್ಮ ಗೂಡಿನ ಜಂತೆಗಿಲ್ಲ.

ಸಿಕಂದರಾಬಾದಿನ ಮೇಸ್ತ್ರಿಗಳಿಗೆ ಇದು ತಿಳಿಯದ್ದೇನಲ್ಲ. ಕೆಲವು ಹಳೇ ಮನೆಗಳಲ್ಲಿ ಮೇಲಂತಸ್ತಿನ ಗೋಡೆಯನ್ನು ನಾಲ್ಕೂವರೆ ಇಂಚು ತೆಳುವಾಗಿಸಿ, ಉಳಿದ ಕಟ್ಟೆಯ ಮೇಲೆ ಮರದ ಪಟ್ಟಿ ಹಾಸಿ ಜಂತೆ ಇಟ್ಟಿದ್ದಾರೆ. ಗಾಳಿ ಆಡುತ್ತದೆ, ಏಣಿ ಹತ್ತಿದರೆ ತುದಿ ಕೈಗೆ ಸಿಗುತ್ತದೆ. ಇದೇ ಸರಿಯಾದ ಪದ್ಧತಿ. ಗೂಡಿನದು ಅವಸರದ ಅಗ್ಗದ ದಾರಿ.

ಅಂಥ ಮನೆಯಲ್ಲಿ ಇನ್ನೂ ವಾಸಿಸುತ್ತಿರುವವರಲ್ಲಿ ಒಂದು ಕೋರಿಕೆ. ಕೆಡವುವ ಮಾತು ಆಮೇಲಿರಲಿ. ಮೃಗಶಿರೆಗೆ ಮೊದಲು ಮಳೆ ಹೊಡೆಯುವ ಗೋಡೆಯ ಕಡೆ ಏಣಿ ಹಾಕಿ, ಜಂತೆ ಗೋಡೆ ಸೇರುವಲ್ಲಿ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಒಳಗೆ ಇಳಿದರೆ ಅಂದೇ ಕೆಳಗೊಂದು ಆಸರೆ ಕೊಡಿ. ಕೊಳೆತಷ್ಟನ್ನು ಕತ್ತರಿಸಿ, ಎರಡೂ ಮಗ್ಗುಲಿಗೆ ಉಕ್ಕಿನ ಪಟ್ಟಿ ಬೋಲ್ಟು ಮಾಡಿ, ಗೂಡಿನಲ್ಲಿ ಸುತ್ತ ಒಂದು ಬೆರಳಿನಷ್ಟು ಜಾಗ ಬಿಡಿಸಿ. ಹೊರಗೋಡೆಯ ಸಿಮೆಂಟ್ ಕೆರೆಸಿ ಸುಣ್ಣ ಬಳಿಸಿ.