ಹೂವಿಗಿಂತ ಮೊದಲು ಗಿಣ್ಣು

ಚಳಿಗಾಲ ಕಳೆದು ಕೆರೆಯ ನೀರು ಹಿಂದೆ ಸರಿದಾಗ ಅಂಗಳಕ್ಕೆ ಇಳಿದವರು ಪೊಲಿಗೋನಮ್ ಪ್ಲೆಬೀಯಮ್ ಗಿಡವನ್ನು ತುಳಿಯದೆ ನಡೆಯುವುದು ಕಷ್ಟ. ಬಯಲುಸೀಮೆಯ ಕೆರೆಗಳಲ್ಲಿ, ಕೊಯ್ಲಾದ ಗದ್ದೆಗಳಲ್ಲಿ, ಹೊಳೆಯಂಚಿನ ಮರಳಿನಲ್ಲಿ ಅದು ನೆಲಕ್ಕಂಟಿ ಹಬ್ಬಿರುತ್ತದೆ. ನಡುವೆ ಒಂದೇ ಬೇರು, ಅದರಿಂದ ಸುತ್ತಲೂ ಚಾಚಿದ ತೆಳು ರೆಂಬೆಗಳು, ಹೆಚ್ಚೆಂದರೆ ಒಂದೂವರೆ ಸೆಂಟಿಮೀಟರ್ ಉದ್ದದ ಕಿರಿದಾದ ಎಲೆಗಳು. ನಿಂತು ನೋಡುವವರಿಗೆ ಹೂವೇ ಕಾಣದು. ಮೊಣಕಾಲೂರಿ ಕೂರಬೇಕು, ಕೈಯಲ್ಲಿ ಹತ್ತು ಪಟ್ಟು ಹಿಗ್ಗಿಸಿ ತೋರುವ ಮಸೂರವಿರಬೇಕು.

ಹೊಸಬರು ಸಾಮಾನ್ಯವಾಗಿ ಹೂವಿನ ಬಣ್ಣ ಹಿಡಿದು ಹೊರಡುತ್ತಾರೆ. ಇಲ್ಲಿ ಗಿಣ್ಣಿನಿಂದ ಶುರು ಮಾಡಿ. ಎಲೆ ಕಾಂಡಕ್ಕೆ ಕೂಡುವ ಕಡೆ ಪೊರೆಯಂಥ ಸಣ್ಣ ಕೊಳವೆಯೊಂದು ಕಾಂಡವನ್ನು ಸುತ್ತಿಕೊಂಡಿರುತ್ತದೆ. ಸಸ್ಯಶಾಸ್ತ್ರಜ್ಞರು ಅದನ್ನು ಓಕ್ರಿಯಾ ಎನ್ನುತ್ತಾರೆ. ಈರುಳ್ಳಿಯ ಒಳಪೊರೆಯ ಹಾಗೆ ಬೆಳಕು ಹಾಯುವಷ್ಟು ತೆಳು. ಮೇಲಂಚು ಹರಿದು ಎಳೆಎಳೆಯಾಗಿರುತ್ತದೆ. ಈ ಗಿಡದಲ್ಲಿ ಗಿಣ್ಣುಗಳು ಒತ್ತೊತ್ತಾಗಿರುವುದರಿಂದ ಪೊರೆಗಳೆಲ್ಲ ಸೇರಿ ರೆಂಬೆಯ ತುದಿ ಬೆಳ್ಳಗೆ ಮಿನುಗುತ್ತದೆ. ಪೊಲಿಗೋನೇಸಿ ಕುಟುಂಬವನ್ನು ಗುರುತಿಸಲು ಇದಕ್ಕಿಂತ ಒಳ್ಳೆಯ ಗುರುತು ನನಗೆ ಗೊತ್ತಿಲ್ಲ. ಮಾರುಕಟ್ಟೆಯ ಚುಕ್ಕೆ ಸೊಪ್ಪೂ ಇದೇ ಕುಟುಂಬದ್ದು. ಕೆರೆಗೆ ಹೋಗುವ ಮುನ್ನ ಒಂದು ಕಟ್ಟು ಬಿಚ್ಚಿ, ಎಳೆಯ ಗಿಣ್ಣುಗಳಲ್ಲಿ ಈ ಪೊರೆಯನ್ನು ಹುಡುಕಿ, ಕಣ್ಣು ಪಳಗುತ್ತದೆ.

ಅಂಗಳದಲ್ಲಿ ನೆಲಹಬ್ಬುವ ಗಿಡಗಳು ಇನ್ನೂ ಇವೆ. ಹೊನಗೊನ್ನೆಯ ಎಲೆಗಳು ಎದುರುಬದುರಾಗಿ ಜೋಡಿಯಲ್ಲಿರುತ್ತವೆ. ನಮ್ಮ ಗಿಡಕ್ಕೆ ಗಿಣ್ಣಿಗೊಂದೇ ಎಲೆ. ಚಿವುಟಿದಾಗ ಹಾಲು ಒಸರಿದರೆ ಅದು ಯುಫೋರ್ಬಿಯಾ. ಎಲೆ ಸುಕ್ಕುಸುಕ್ಕಾಗಿ, ಮೈತುಂಬ ರೋಮವಿದ್ದರೆ ಬಹುಶಃ ಕೋಲ್ಡೇನಿಯಾ.

ಈಗ ಹೂವಿಗೆ ಬನ್ನಿ. ಎಲೆಯ ಕಂಕುಳಲ್ಲಿ ಒಂದೋ ಎರಡೋ, ಕೆಲವೆಡೆ ನಾಲ್ಕೈದು ಗುಂಪಾಗಿ, ಎರಡು ಮೂರು ಮಿಲಿಮೀಟರ್ ಗಾತ್ರದ ಹೂಗಳು. ಪುಷ್ಪಪಾತ್ರೆ ಬೇರೆ, ದಳ ಬೇರೆ ಎಂಬುದಿಲ್ಲ. ಇರುವುದು ಐದೇ ಎಸಳು; ನಡುವೆ ಹಸಿರು, ಅಂಚಿಗೆ ಬಿಳಿ ಅಥವಾ ನಸುಗೆಂಪು. ಮಸೂರದಡಿ ಆ ಅಂಚು ಎದ್ದು ಕಂಡಾಗ, ಅಷ್ಟು ಹೊತ್ತು ಬರೀ ಕಳೆ ಎನಿಸಿದ್ದ ಗಿಡ ಬೇರೆಯೇ ಆಗಿಬಿಡುತ್ತದೆ. ಹೂ ಮುಗಿದರೂ ಎಸಳು ಉದುರುವುದಿಲ್ಲ, ಕಾಯಿಯನ್ನು ಮುಚ್ಚಿಕೊಂಡೇ ಇರುತ್ತವೆ. ಒಣಗಿದ ಒಂದನ್ನು ಅಂಗೈಯಲ್ಲಿ ಉಜ್ಜಿ ಊದಿ: ಮೂರು ಮೂಲೆಯ, ನುಣುಪಾದ, ಮಿರಿಮಿರಿ ಹೊಳೆಯುವ ಪುಟ್ಟ ಕಾಯಿ ಉಳಿಯುತ್ತದೆ. ಉತ್ತರ ಭಾರತದವರು ನವರಾತ್ರಿಯ ಉಪವಾಸದಲ್ಲಿ ಹಿಟ್ಟು ಮಾಡಿ ಬಳಸುವ ಕುಟ್ಟು ಕಾಳಿಗೂ ಇದೇ ಮೂರು ಮೂಲೆ; ಅದು ಇದರ ಹತ್ತಿರದ ನೆಂಟ.

1810ರಲ್ಲಿ ರಾಬರ್ಟ್ ಬ್ರೌನ್ ಈ ಗಿಡಕ್ಕೆ ಹೆಸರಿಟ್ಟದ್ದು ಆಸ್ಟ್ರೇಲಿಯಾದ ಸಸ್ಯಗಳ ಪುಸ್ತಕದಲ್ಲಿ. ಅಷ್ಟು ದೂರದವರೆಗೆ ಹರಡಿರುವ ಇದು ವಾರ್ಷಿಕ ಗಿಡ. ಹಸಿ ಕೆಸರಿನಲ್ಲಿ ಮೊಳೆತು, ಮತ್ತೆ ನೀರು ತುಂಬುವುದರೊಳಗೆ ಕಾಯಿ ಉದುರಿಸಿ ಮುಗಿಸಬೇಕು. ನೀರಿಲ್ಲದ ಕೆರೆಯನ್ನು ಬಂಜರು ಎಂದು ಬರೆಯುವುದು ಆದ್ದರಿಂದಲೇ ತಪ್ಪು.

ಗುರುತು ಕೇಳಲು ಯಾರಿಗಾದರೂ ಫೋಟೊ ಕಳಿಸುವುದಾದರೆ ಇಡೀ ಗಿಡದ್ದೊಂದೇ ಸಾಲದು. ಗಿಣ್ಣಿನದೊಂದು, ಅರಳಿದ ಹೂವಿನದೊಂದು, ಬಿಡಿಸಿದ ಕಾಯಿಯದೊಂದು ತೆಗೆಯಿರಿ. ಅಳತೆಗೆ ಪಕ್ಕದಲ್ಲಿ ಒಂದು ಸ್ಕೇಲ್ ಇಡಿ.